ಬರಿಗಣ್ಣು

ಅರಸೀಕೆರೆಯ ಮಂಡಿಯಲ್ಲಿ ಭಾನುವಾರ ಹರಾಜಿಲ್ಲ.
ಕೊಬ್ಬರಿ ಚೀಲದ ಧೂಳು ಗುಡಿಸಿ
ದಸ್ತಗೀರ್ ಸಾಬರು ಸುಣ್ಣದಲ್ಲಿ ಒಂದು ಗೆರೆ ಎಳೆದರು,
ಗೋದಾಮಿನ ಈ ಗೋಡೆಯಿಂದ ಆ ಗೋಡೆಗೆ.
"ಇದರ ಮೇಲೆ ನಡಿ" ಅಂದರು.
ನಡೆದೆ.
"ಇದು ನಡೆಯೋದಲ್ಲ, ಹೋಗೋದು" ಅಂದರು.

ಮೂವತ್ತೊಂದು ವರ್ಷ ಕೀಮ್ಯಾನ್ ಆಗಿದ್ದವರು,
ದಿನಾ ಬಾಣಾವರದ ಕಡೆಗೆ ಹಳಿಗುಂಟ ನಡೆದು
ಸಡಿಲ ಕೀಲಿಗೆ ಸುತ್ತಿಗೆ ಏಟು ಕೊಟ್ಟವರು.
ಈಗ ನನ್ನ ಮೊಣಕಾಲಲ್ಲಿ ಸಡಿಲ ಹುಡುಕುತ್ತಾರೆ.

ನಿಯಮ ಎರಡೇ.
ಒಂದು ಕಾಲು ಸದಾ ನೆಲದಲ್ಲಿರಬೇಕು.
ಮುಂದಿಟ್ಟ ಕಾಲು, ಹಿಮ್ಮಡಿ ನೆಲ ಮುಟ್ಟಿದ ಗಳಿಗೆಯಿಂದ
ಮೈ ಅದರ ನೇರಕ್ಕೆ ಬರುವ ತನಕ
ಮಡಚಬಾರದು.
ಕೇಳೋಕೆ ಇಷ್ಟೇ.
ಕಲಿಯುವಷ್ಟರಲ್ಲಿ ಎರಡು ಜೊತೆ ಶೂ ಸವೆದವು,
ಮುಂಗಾಲಿನ ಎಲುಬು ರಾತ್ರಿಯೆಲ್ಲ
ಕಾದ ಸಲಾಕೆ.

ಸೊಂಟ ತಿರುಗಬೇಕು, ಒರಳಲ್ಲಿ ಗುಂಡು ತಿರುಗಿದ ಹಾಗೆ.
ಹೆಗಲು ಕಿವಿಗೆ ಏರಬಾರದು.
"ಮುಷ್ಟಿಯಲ್ಲಿ ನೆನೆದ ಅವರೆಕಾಳಿದೆ ಅಂದುಕೋ,
ಹಿತುಕಬೇಡ.
ಹೆಜ್ಜೆ ಉದ್ದ ಮಾಡಬೇಡ, ಹೆಚ್ಚು ಮಾಡು."

ಕಂತೇನಹಳ್ಳಿ ಕೆರೆ ಏರಿಯ ಮೇಲೆ ಹುಡುಗರು
"ಬಾತುಕೋಳಿ ಬಂತು, ದಾರಿ ಬಿಡ್ರೋ" ಅಂತ ಕೂಗಿದರು.
ನಾಲ್ಕನೇ ದಿನ ಒಬ್ಬ ಅಣಕಿಸಲು
ಸೈಕಲ್ಲಿನಲ್ಲಿ ಪಕ್ಕಕ್ಕೇ ಬಂದ;
ದಿಬ್ಬದಲ್ಲಿ ಹಿಂದೆ ಬಿದ್ದ.
ಅವ್ವ ಕೊಬ್ಬರಿ ಸುಲಿಯುತ್ತ ಕೇಳಿದಳು:
"ಓಡೋದಾದ್ರೆ ಓಡು, ನಡೆಯೋದಾದ್ರೆ ನಡಿ.
ಇದ್ಯಾವ ಅವಸರವೇ ತಾಯಿ,
ಚೊಂಬು ಹಿಡಿದು ಹೊರಟವರ ಹಾಗೆ?"
ಸಾಬರು ನಕ್ಕು ನಕ್ಕು ಕೆಮ್ಮಿದರು.

ಆಮೇಲೊಂದು ಸಂಜೆ ಗುಟ್ಟು ಹೇಳಿದರು.
"ಎಲ್ಲರ ಕಾಲೂ ನೆಲ ಬಿಡುತ್ತೆ, ಮಗಳೇ.
ಕ್ಯಾಮೆರಾದಲ್ಲಿ ಹಿಡಿದು ನಿಧಾನ ಮಾಡಿ ನೋಡು,
ಗೆದ್ದವರೂ ಗಾಳಿಯಲ್ಲಿರ್ತಾರೆ, ಒಂದು ಚೂರು.
ತೀರ್ಪುಗಾರರಿಗೆ ಕ್ಯಾಮೆರಾ ಇಲ್ಲ.
ಬರಿಗಣ್ಣಿಗೆ ಬಿದ್ದರಷ್ಟೇ ತಪ್ಪು."
ಹಾಗಾದ್ರೆ ಹಾರಬಹುದಾ, ಅಂದೆ.
ಉತ್ತರ ಕೊಡಲಿಲ್ಲ.
ಮಾಸಿದ ಗೆರೆಗೆ ಮತ್ತೆ ಸುಣ್ಣ ಸುರಿದರು.

ಹಾಸನದ ಕ್ರೀಡಾಂಗಣ. ಐದು ಸಾವಿರ ಮೀಟರು,
ಹನ್ನೆರಡೂವರೆ ಸುತ್ತು.
ಮೂರನೇ ಸುತ್ತಿಗೆ ಹಳದಿ ಹಲಗೆ, ಅದರಲ್ಲಿ ಅಲೆಯ ಗುರುತು:
ನೆಲ ಬಿಟ್ಟೀಯೆ, ಜೋಕೆ.
ಏಳಕ್ಕೆ ಇನ್ನೊಂದು, ಮಂಡಿಯ ಹಾಗೆ ಮುರಿದ ಗೆರೆ.
ಬೋರ್ಡಿನಲ್ಲಿ ನನ್ನ ನಂಬರಿನ ಎದುರು ಎರಡು ಕೆಂಪು ಚುಕ್ಕಿ.
ಮೂರನೆಯದು ಬಿದ್ದರೆ ಹೊರಗೆ.

ಮುಂದೆ ಸಕಲೇಶಪುರದ ಹುಡುಗಿ, ಹನ್ನೆರಡು ಹೆಜ್ಜೆ.
ಹಿಡಿಯಬಹುದು ಅಂತ ಕಾಲಿಗೆ ಗೊತ್ತಿತ್ತು.
ಹನ್ನೊಂದನೇ ಸುತ್ತಿನ ತಿರುವಿನಲ್ಲಿ ಹಿಡಿದೆ.
ಹಿಡಿದ ಆ ಗಳಿಗೆ ಕೆಳಗೆ ನೆಲ ಇರಲಿಲ್ಲ.
ಇದನ್ನು ಯಾರಿಗೂ ಹೇಳಿಲ್ಲ:
ಅಲ್ಲಿ ಸದ್ದಿರಲಿಲ್ಲ, ತಣ್ಣಗಿತ್ತು,
ಇನ್ನೂ ಸ್ವಲ್ಪ ಹೊತ್ತು ಇರಬಹುದು ಅನ್ನಿಸಿತು.
ಕನ್ನಡಕದ ಮೇಡಮ್ಮಿಗೆ ಕಂಡುಬಿಟ್ಟಿತು.

ಎದೆಯ ನಂಬರು ಬಿಚ್ಚಿ ಹುಲ್ಲಿಗೆ ಇಳಿದೆ.
ಸಾಬರು ನೀರು ಕೊಟ್ಟರು.
"ಆಯಮ್ಮನ ಕಣ್ಣು ಚೆನ್ನಾಗಿದೆ" ಅಂದರು,
ಇನ್ನೇನೂ ಅನ್ನಲಿಲ್ಲ.

ಸ್ಟೇಷನ್ನಿಗೆ ಬರುವಾಗ ಅರಸೀಕೆರೆ ಗಾಡಿ ಆಗಲೇ ಅಲುಗಿತ್ತು.
"ಓಡು!" ಅಂದರು. ಆ ಬಾಯಲ್ಲಿ ಆ ಮಾತು, ಮೊದಲ ಸಲ.
ಓಡಲು ಹೋದೆ. ಮೊಣಕಾಲು ಮಡಚಲೊಲ್ಲದು,
ಸೊಂಟ ತಾನೇ ತಿರುಗಿತು, ಹಿಮ್ಮಡಿ ತಾನೇ ಊರಿತು.
ಪ್ಲಾಟ್‌ಫಾರ್ಮಿನ ಹಳದಿ ಗೆರೆಗುಂಟ
ನಡೆದೇ ಹಿಡಿದೆ, ಕೊನೆಯ ಬೋಗಿ.
ಬಾಗಿಲಲ್ಲಿ ನಿಂತು ಕೈ ಚಾಚಿ ತಿರುಗಿದರೆ
ಅರವತ್ತೇಳರ ಸಾಬರು,
ಒಂದು ಕೈಯಲ್ಲಿ ನನ್ನ ಶೂ ಚೀಲ, ಇನ್ನೊಂದರಲ್ಲಿ ಪಂಚೆಯ ತುದಿ,
ಎರಡೂ ಕಾಲು ನೆಲ ಬಿಟ್ಟು ಬರುತ್ತಿದ್ದರು.
ಬರಿಗಣ್ಣಿಗೇ ಕಾಣುತ್ತಿತ್ತು.